ಮರೆವಿನ ಅಜ್ಜಿಗೆ 6.1 ಯಾಕೆ ಬೇಕು?

ಆ ಅಜ್ಜಿಗೆ 78 ವರ್ಷ. ತೂಕ 42 ಕೆ.ಜಿ. ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಬೆಂಗಳೂರಿನಿಂದ ಬಂದ ಮಗ ಅವರನ್ನು ನನ್ನೆದುರು ಕೂರಿಸಿ ಮೊದಲು ಹೇಳಿದ್ದು ಹೀಗೆ: "ಮೇಡಂ, ಶುಗರ್ ಬಗ್ಗೆ ಚಿಂತೆ ಇಲ್ಲ, ಪೂರ್ತಿ ಕಂಟ್ರೋಲಲ್ಲಿದೆ. ಮೂರು ತಿಂಗಳದ್ದು 6.1 ಬಂದಿದೆ. ತೊಂದರೆ ಇರೋದು ತಲೆಯದ್ದು." ಮೂರು ತಿಂಗಳದ್ದು ಅಂದರೆ ಎಚ್‌ಬಿಎ1ಸಿ, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಶೇಕಡದಲ್ಲಿ ತೋರಿಸುವ ರಕ್ತಪರೀಕ್ಷೆ. ಅಜ್ಜಿ ರಾತ್ರಿ ಮೂರರ ಹೊತ್ತಿಗೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ಹತ್ತು ವರ್ಷದ ಹಿಂದೆ ಮಾರಿದ ಹಸುವನ್ನು ಹುಡುಕುತ್ತಿದ್ದರು. ಸೊಸೆಯನ್ನೇ "ಯಾರವ್ವಾ ನೀನು?" ಅನ್ನುತ್ತಿದ್ದರು. ಊರಲ್ಲಿ ಅರಳುಮರಳು ಅಂದರು, ತಾಯತ ಕಟ್ಟಿಸಿದರು. ಒಂದು ಕಡೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದ ವಾರದಲ್ಲೇ ಬಚ್ಚಲಲ್ಲಿ ಬಿದ್ದರು.

ನನಗೆ ಬೇಕಿದ್ದ ಮಾತು ಹೊರಗೆ ಬಂದದ್ದು ಅವರೆಲ್ಲ ಎದ್ದು ಬಾಗಿಲ ಹತ್ತಿರ ಹೋದ ಮೇಲೆ, ಸೊಸೆಯ ಬಾಯಿಂದ: "ಬೆಳಿಗ್ಗೆ ಕಾಫಿ ಕುಡಿದ್ರೆ ಸರಿಹೋಗ್ತಾರೆ ಮೇಡಂ." ಕಾಫಿಗೆ ಏನು ಹಾಕ್ತೀಯಮ್ಮ ಅಂತ ಕೇಳಿದೆ. ಆಕೆ ಗಂಡನ ಮುಖ ನೋಡಿ ಅಳುಕುತ್ತಾ, "ಚೂರು ಬೆಲ್ಲ ಹಾಕ್ತೀನಿ, ಪಾಪ ಕೇಳ್ತಾರೆ" ಅಂದಳು. ಎಲ್ಲರನ್ನೂ ವಾಪಸ್ ಕೂರಿಸಿದೆ. ಮುಂದಿನ ಸಲ ಅತ್ತೆ ರಾತ್ರಿ ಎದ್ದಾಗ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡು, ಆಮೇಲೆ ಬೇರೆ ಮಾತು ಅಂದೆ. ಮೂರನೇ ರಾತ್ರಿ ಗ್ಲುಕೋಮೀಟರಿನ ಫೋಟೊ ಬಂತು. 48.

ಇಂಥ ಮನೆಗಳನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಮಕ್ಕಳು ಒಳ್ಳೆಯವರು, ದೂರದಲ್ಲಿದ್ದಾರೆ, ಅಮ್ಮನಿಗಾಗಿ ಏನಾದರೂ ಮಾಡಬೇಕೆಂಬ ತವಕ ಇದೆ. ದೂರದಿಂದ ಹಿಡಿತಕ್ಕೆ ಸಿಗುವುದು ಒಂದೇ, ಲ್ಯಾಬಿನ ಸಂಖ್ಯೆ. ಅದನ್ನು ಇಳಿಸಿದಷ್ಟೂ ಅಮ್ಮ ಕ್ಷೇಮ ಅಂದುಕೊಳ್ಳುತ್ತಾರೆ. "ಮೇಡಂ, ಈ ಸಲ 7.8 ಆಗಿಬಿಟ್ಟಿದೆ, ಮಾತ್ರೆ ಜಾಸ್ತಿ ಮಾಡಿ" ಅಂತ ನ್ಯೂಜೆರ್ಸಿಯಿಂದಲೂ ಫೋನ್ ಬರುತ್ತದೆ. ಮರೆವು ಶುರುವಾದ 78ರ ಜೀವಕ್ಕೆ 7.8 ಕೆಟ್ಟ ಸಂಖ್ಯೆಯಲ್ಲ, ಇನ್ಸುಲಿನ್ ಅಥವಾ ಸಕ್ಕರೆಯನ್ನು ಒತ್ತಿ ಇಳಿಸುವ ಮಾತ್ರೆಗಳ ಮೇಲಿದ್ದಾಗ 6.1 ಕೆಟ್ಟದ್ದು ಎಂದು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಈ ಡಾಕ್ಟ್ರಿಗೆ ಆಸಕ್ತಿ ಇಲ್ಲ ಅಂತ ಬೇರೆ ಕಡೆ ಹೋಗಿ ಮಾತ್ರೆ ಏರಿಸಿಕೊಂಡು ಬಂದವರಿದ್ದಾರೆ. ಅದಕ್ಕೇ ಇದೊಂದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಮೆದುಳು ದೇಹದ ತೂಕದಲ್ಲಿ ಶೇಕಡ 2ರಷ್ಟು. ಆದರೆ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇಕಡ 20 ಅದಕ್ಕೇ ಹೋಗುತ್ತದೆ. ಹೆಚ್ಚುಕಮ್ಮಿ ಎಲ್ಲವೂ ಗ್ಲುಕೋಸಿನ ರೂಪದಲ್ಲಿ, ಗಳಿಗೆ ಗಳಿಗೆಗೂ ರಕ್ತದಿಂದಲೇ ಬರಬೇಕು. ಲಿವರಿನಂತೆ ಕೂಡಿಟ್ಟುಕೊಳ್ಳುವ ಕಣಜ ಅದಕ್ಕಿಲ್ಲ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಎಚ್ಚರವಾಗಬೇಕು, 54ಕ್ಕಿಂತ ಇಳಿದರೆ ಮೆದುಳಿನ ಕೆಲಸ ಕೆಡತೊಡಗುತ್ತದೆ. ನಲವತ್ತರ ವಯಸ್ಸಿನವರಿಗೆ ಸಕ್ಕರೆ ಇಳಿಯುವಾಗ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಡವಗುಟ್ಟುತ್ತದೆ, ಹಸಿವಾಗುತ್ತದೆ. ಅವರು ತಾವೇ ಏನಾದರೂ ತಿಂದುಕೊಳ್ಳುತ್ತಾರೆ. ವರ್ಷಗಟ್ಟಲೆ ಕಾಯಿಲೆ ಇದ್ದ ಮುದುಕರಲ್ಲಿ ಈ ಗಂಟೆ ಬಾರಿಸುವುದು ನಿಂತುಹೋಗಿರುತ್ತದೆ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ನಡುಕವನ್ನು, ಎದೆಬಡಿತವನ್ನು ಮುಚ್ಚಿಡುತ್ತವೆ. ಹೀಗಾಗಿ ಅವರಲ್ಲಿ ಮೊದಲು ಕಾಣುವುದೇ ತಲೆಯ ಲಕ್ಷಣ: ಮಾತು ತೊದಲುವುದು, ಸಿಟ್ಟು, ಮಂಕು, ತಲೆಸುತ್ತಿ ಬೀಳುವುದು, ಇಲ್ಲದ ಹಸುವನ್ನು ಹುಡುಕುವುದು. ಮನೆಯವರಿಗೆ ಇದು ಮರೆವಿನ ಕಾಯಿಲೆಯ ಹಾಗೇ ಕಾಣುತ್ತದೆ. ಮರೆವು ಮೊದಲೇ ಇದ್ದರಂತೂ ಅನುಮಾನವೇ ಬರುವುದಿಲ್ಲ.

ಅಜ್ಜಿ ನುಂಗುತ್ತಿದ್ದದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ದಿನಕ್ಕೆ ಎರಡು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ. ನೀವು ಮುದ್ದೆ ಉಂಡಿರೋ ಅರ್ಧ ಲೋಟ ಮಜ್ಜಿಗೆ ಕುಡಿದು ಮಲಗಿದಿರೋ ಅದು ನೋಡುವುದಿಲ್ಲ. ಅದೇ ಜಾತಿಯ ಹಳೆಯ ಮಾತ್ರೆ ಗ್ಲಿಬೆನ್‌ಕ್ಲಮೈಡ್ ಇನ್ನೂ ಹಠಮಾರಿ. ಅಮೆರಿಕದ ವೃದ್ಧರೋಗ ತಜ್ಞರ ಸಂಘ, ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಿಗಳ ತನ್ನ ಪಟ್ಟಿಯಲ್ಲಿ ಮೊದಲು ಗ್ಲಿಬೆನ್‌ಕ್ಲಮೈಡನ್ನು ಸೇರಿಸಿತ್ತು, 2023ರಲ್ಲಿ ಈ ಇಡೀ ಗುಂಪಿನ ಬಗ್ಗೆಯೇ ಎಚ್ಚರಿಸಿತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇವು ದಂಡಿಯಾಗಿ ಸಿಗುತ್ತವೆ, ಅಗ್ಗ. ನಾನೂ ಬರೆಯುತ್ತೇನೆ, ಐವತ್ತರ ರೈತನಿಗೆ ಬರೆಯುತ್ತೇನೆ. ಅದೇ ಚೀಟಿಯನ್ನು ಆತ ಎಪ್ಪತ್ತೆಂಟು ದಾಟಿದ ಮೇಲೂ ಅಂಗಡಿಗೆ ತೋರಿಸಿ ತಗೊಳ್ಳುತ್ತಿರುವುದು ನನ್ನ ಕಳವಳ.

ಕಿಡ್ನಿ ವಿಷಯದಲ್ಲೂ ಹೀಗೇ ಮೋಸಹೋಗುತ್ತಾರೆ. ಅಜ್ಜಿಯ ರಿಪೋರ್ಟಿನಲ್ಲಿ ಕ್ರಿಯಾಟಿನಿನ್, ಅಂದರೆ ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿ ಹೊರಹಾಕುವ ಕಸ, 1.0 ಇತ್ತು, ಪಕ್ಕದಲ್ಲಿ 'ನಾರ್ಮಲ್' ಅಂತ ಅಚ್ಚಾಗಿತ್ತು. ಮಾಂಸಖಂಡ ಕರಗಿಹೋದ 42 ಕೆ.ಜಿ.ಯ ದೇಹದಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ಶಕ್ತಿ ನಿಮಿಷಕ್ಕೆ 30 ಮಿ.ಲೀ. ಸುಮಾರಿಗೆ ಬಂತು, ಗಟ್ಟಿಮುಟ್ಟಾದ ಹರೆಯದವರಲ್ಲಿ ಅದು ನೂರರ ಆಸುಪಾಸು. ಹೊರಗೆ ಹೋಗಬೇಕಾದ ಔಷಧಿ ಒಳಗೇ ಉಳಿದು ಬೆಳಗಿನ ಜಾವದವರೆಗೂ ಕೆಲಸ ಮಾಡುತ್ತಿತ್ತು.

ಹಾಗಾದರೆ ಸಕ್ಕರೆ ಏರಿದ್ದರೂ ಪರವಾಗಿಲ್ಲವಾ ಅಂತ ಕೇಳಬೇಡಿ. ತೊಂದರೆ ಇದೆ. 1999ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನ ಆರು ಸಾವಿರಕ್ಕೂ ಹೆಚ್ಚು ವೃದ್ಧರನ್ನು ಗಮನಿಸಿ, ಸಕ್ಕರೆ ಕಾಯಿಲೆ ಇದ್ದವರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಸಂಭವ ಹತ್ತಿರ ಹತ್ತಿರ ಎರಡು ಪಟ್ಟು ಎಂದು ತೋರಿಸಿತು. ಕಾಯಿಲೆ ಮೆದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಎಂ.ಆರ್.ಐ.ನಲ್ಲಿ ಬಿಳಿಯ ಮಚ್ಚೆಗಳು, ಗೊತ್ತಾಗದೆ ಬಂದುಹೋದ ಪುಟ್ಟ ಪುಟ್ಟ ಸ್ಟ್ರೋಕುಗಳ ಗುರುತು, ವಯಸ್ಸಿಗಿಂತ ಮುಂಚೆಯೇ ಕುಗ್ಗಿದ ಮೆದುಳು ಕಾಣುತ್ತವೆ. ನೆನಪು ಹಿಡಿದಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಭಾಗವೂ ಸೊರಗುತ್ತದೆ. ಆದರೆ ಈ ಹಾನಿ ಹತ್ತು ಇಪ್ಪತ್ತು ವರ್ಷಗಳಲ್ಲಿ ಆಗುವಂಥದ್ದು. ಅದನ್ನು ತಡೆಯುವ ಕಾಲ ನಲವತ್ತರಿಂದ ಅರವತ್ತು, ಅಂದರೆ ಅಮ್ಮನ ರಿಪೋರ್ಟ್ ಹಿಡಿದು ನನ್ನೆದುರು ಕೂತ ಮಗನ ವಯಸ್ಸು. ಅವರ ಸಕ್ಕರೆ ಎಷ್ಟಿದೆ ಅಂತ ಕೇಳಿದರೆ "ನಂದು ನೋಡಿಸಿಲ್ಲ ಮೇಡಂ, ಟೈಮೇ ಆಗಿಲ್ಲ" ಅನ್ನುತ್ತಾರೆ. ಅಲ್ಲಿ ನನಗೆ ಸಹನೆ ತಪ್ಪುತ್ತದೆ.

ಕಾಯಿಲೆ ಹಳತಾದ ಮೇಲೆ ಸಕ್ಕರೆಯನ್ನು ಬಿಗಿ ಹಿಡಿದರೆ ಮೆದುಳು ಉಳಿಯುತ್ತದೆಯೇ ಎಂಬುದನ್ನು ಊಹೆಗೆ ಬಿಟ್ಟಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಎಂಬ ಪ್ರಯೋಗದಲ್ಲಿ 10,251 ಮಂದಿ ಇದ್ದರು. ಅರ್ಧದಷ್ಟು ಜನಕ್ಕೆ ಮೂರು ತಿಂಗಳ ಸರಾಸರಿಯನ್ನು 6ಕ್ಕಿಂತ ಕೆಳಗೆ ತರುವ ಗುರಿ, ಉಳಿದವರಿಗೆ 7ರಿಂದ 7.9. ಬಿಗಿ ಗುಂಪಿನಲ್ಲಿ ಸಾವು ಹೆಚ್ಚಾದದ್ದರಿಂದ, 257ಕ್ಕೆ 203, ಆ ಭಾಗವನ್ನು 2008ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅವರಲ್ಲೇ ಸುಮಾರು ಮೂರು ಸಾವಿರ ಜನರ ನೆನಪು, ಚುರುಕುತನ ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಬಂತು. ಬಿಗಿ ಗುಂಪಿನವರ ಮೆದುಳಿನ ಗಾತ್ರ ತುಸು ಚೆನ್ನಾಗಿ ಉಳಿದಿತ್ತು, ನಿಜ. ಆದರೆ ನಲವತ್ತು ತಿಂಗಳಾದರೂ ಯೋಚಿಸುವ, ನೆನಪಿಡುವ ಶಕ್ತಿಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಸಕ್ಕರೆ ಕುಸಿತದ ಲೆಕ್ಕ ಬೇರೆಯೇ ಇದೆ. 2013ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ, ಸಕ್ಕರೆ ಕಾಯಿಲೆಯ 783 ಹಿರಿಯರನ್ನು ಹನ್ನೆರಡು ವರ್ಷ ಹಿಂಬಾಲಿಸಿತ್ತು. ಸಕ್ಕರೆ ತೀರಾ ಕುಸಿದು ಆಸ್ಪತ್ರೆ ಸೇರಿದವರಲ್ಲಿ ಆಮೇಲೆ ಡಿಮೆನ್ಶಿಯಾ ಎರಡು ಪಟ್ಟು. ಡಿಮೆನ್ಶಿಯಾ ಬಂದವರಲ್ಲಿ ಸಕ್ಕರೆ ಕುಸಿಯುವುದು ಮೂರು ಪಟ್ಟು. ಯಾವುದು ಕಾರಣ, ಯಾವುದು ಪರಿಣಾಮ ಅಂತ ಇಂಥ ಅಧ್ಯಯನದಿಂದ ಖಡಾಖಂಡಿತ ಹೇಳಲಾಗದು. ಆದರೆ ಒಂದು ಇನ್ನೊಂದನ್ನು ಕರೆದುಕೊಂಡು ಬರುವುದನ್ನು ನಾನು ನನ್ನ ಕೋಣೆಯಲ್ಲೇ ನೋಡುತ್ತಿದ್ದೇನೆ. ಇವೆಲ್ಲ ಪಶ್ಚಿಮದವರ ಲೆಕ್ಕ ಅನ್ನುವವರಿಗೆ ಒಂದು ಮಾತು: ನಮ್ಮ ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲೇ, 45 ದಾಟಿದವರ ಮೆದುಳಿನ ಆರೋಗ್ಯವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಗಮನಿಸುತ್ತಿದೆ. ಮುದ್ದೆ ಉಣ್ಣುವವರ ಲೆಕ್ಕವೂ ಸೇರುತ್ತಿದೆ.

ಮರೆವು ಮೊದಲು ತೋರುವುದು ಮಾತ್ರೆ ಡಬ್ಬಿಯಲ್ಲಿ. ಹಳೇ ಶಾನುಭೋಗರ ಮನೆಯ ಯಜಮಾನರೊಬ್ಬರು ನನ್ನ ಬಳಿ ಬರುತ್ತಿದ್ದರು. ಐವತ್ತು ವರ್ಷದ ಹಿಂದಿನ ಜಮೀನಿನ ಸರ್ವೆ ನಂಬರು ಬಾಯಲ್ಲೇ ಹೇಳುವವರು. ಅಂಥವರಿಗೆ ಮರೆವು ಅಂದರೆ ಮನೆಯವರು ನಕ್ಕರು. ಏಳು ಪಟ್ಟಿ ಮಾತ್ರೆ ಮುಂದಿಟ್ಟು, ನಾಳೆ ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಜೋಡಿಸಿ ಕೊಡಿ ಅಂದೆ. ಅವರಿಂದ ಆಗಲಿಲ್ಲ. ಹಳೆಯ ನೆನಪು ಗಟ್ಟಿಯಾಗಿದ್ದು, ಕೆಲಸವನ್ನು ಕ್ರಮವಾಗಿ ಮಾಡುವ ಶಕ್ತಿ, ಯೋಚನೆಯ ವೇಗ ಮೊದಲು ಸವೆಯುವುದು ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯ. "ಮಾತ್ರೆ ತಗೊಂಡೆನಾ?" ಎಂಬ ಅನುಮಾನಕ್ಕೆ ಇನ್ನೊಂದು ನುಂಗುತ್ತಾರೆ, ಇನ್ಸುಲಿನ್ ಆದರೆ ಇನ್ನೊಮ್ಮೆ ಚುಚ್ಚಿಕೊಳ್ಳುತ್ತಾರೆ. ಮಕ್ಕಳು ಅದನ್ನು ಹಠ ಅನ್ನುತ್ತಾರೆ, ಬೈಯುತ್ತಾರೆ. ದಯವಿಟ್ಟು ಬೈಯಬೇಡಿ. ಡಬ್ಬಿಯನ್ನು ನಿಮ್ಮ ಕೈಗೆ ತಗೊಳ್ಳಿ.

ನಮ್ಮ ಕಡೆ ಇನ್ನೊಂದಿದೆ: ಶನಿವಾರದ ಒಪ್ಪೊತ್ತು, ಏಕಾದಶಿ, ಶಿವರಾತ್ರಿ. ಊಟ ಬಿಡುತ್ತಾರೆ, ಮಾತ್ರೆ ಬಿಡುವುದಿಲ್ಲ. "ಔಷಧಿ ತಪ್ಪಿಸಬಾರದು ಅಂತ ನೀವೇ ಹೇಳಿದ್ರಲ್ಲವ್ವ" ಅನ್ನುತ್ತಾರೆ. ಹೌದು, ಹೇಳಿದ್ದೆ, ಉಪವಾಸದ ದಿನ ಏನು ಮಾಡಬೇಕೆಂದು ಹೇಳಿರಲಿಲ್ಲ. ಈಗ ಕೇಳಿಯೇ ಚೀಟಿ ಬರೆಯುತ್ತೇನೆ. ವ್ರತ ಬಿಡಿ ಅಂತ ಹೇಳುವುದಿಲ್ಲ. ಯಾವ ದಿನ ಯಾವ ಮಾತ್ರೆ ಬೇಡ ಅಂತ ಅಲ್ಲೇ ಬರೆಯುತ್ತೇನೆ.

ಸಕ್ಕರೆ ಕುಸಿದಾಗ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ ಎಂಬುದು ಬಹಳ ಜನಕ್ಕೆ ಗೊತ್ತು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಗೊತ್ತಿಲ್ಲದ ಒಂದು ಸಂಗತಿ: ಮಾತ್ರೆಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಸಕ್ಕರೆ, ಬೆಲ್ಲ ಕರುಳಲ್ಲಿ ಬೇಗ ಒಡೆಯುವುದಿಲ್ಲ. ಅಂಥವರಿಗೆ ಗ್ಲುಕೋಸ್ ಪುಡಿಯೇ ಬೇಕು. ಮೂರು ಔಷಧಿ ಸೇರಿದ ಮಾತ್ರೆಗಳಲ್ಲಿ ವೊಗ್ಲಿಬೋಸ್ ಇರುವುದು ತೀರಾ ಸಾಮಾನ್ಯ, ಪಟ್ಟಿಯ ಹಿಂಬದಿ ಓದಿ ನೋಡಿ.

ಮರೆವೆಲ್ಲ ಸಕ್ಕರೆಯದ್ದೇ ಎಂದೂ ಅಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ಪಾದ ಜುಮುಜುಮು, ನಾಲಿಗೆ ಉರಿ, ಜೊತೆಗೆ ಮರೆವು ಇದ್ದರೆ ಒಂದು ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ನೋಡಿಸಿ. ಗಂಡ ತೀರಿಕೊಂಡ ಮೇಲೆ ಮಾತು ಬಿಟ್ಟ ಅಜ್ಜಿಗೆ ಇರುವುದು ಖಿನ್ನತೆಯೂ ಆಗಿರಬಹುದು. ಇವು ಸರಿಪಡಿಸಬಹುದಾದವು.

ಗುರಿ ಎಷ್ಟಿರಬೇಕು? ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ, ಮರೆವು ಶುರುವಾದ ಅಥವಾ ಹಲವು ಕಾಯಿಲೆ ಇರುವ ಹಿರಿಯರಿಗೆ 8ಕ್ಕಿಂತ ಕೆಳಗಿದ್ದರೆ ಸಾಕು ಅನ್ನುತ್ತದೆ. 8 ಅಂದರೆ ಸರಾಸರಿ ಸಕ್ಕರೆ ಸುಮಾರು 183. ತೀರಾ ನಿತ್ರಾಣರಾದವರಲ್ಲಿ ಈ ಸಂಖ್ಯೆಯ ಹಿಂದೆ ಬೀಳುವುದನ್ನೇ ಬಿಟ್ಟು, ಕುಸಿತವೂ ಆಗದಂತೆ, ಪದೇ ಪದೇ ಉಚ್ಚೆಗೆ ಏಳುವಷ್ಟು ಏರಿಯೂ ಹೋಗದಂತೆ ನೋಡಿಕೊಂಡರೆ ಆಯಿತು. ಚಟುವಟಿಕೆಯ, ನೆನಪು ಚೆನ್ನಾಗಿರುವ ಎಪ್ಪತ್ತರವರಿಗೆ ಈ ಮಾತು ಅನ್ವಯಿಸದು. ಇದನ್ನು ಓದಿ ನೀವಾಗಿಯೇ ಮಾತ್ರೆ ನಿಲ್ಲಿಸಲೂ ಬೇಡಿ. ಇನ್ಸುಲಿನ್ ಅಂತೂ ಕೇಳದೆ ನಿಲ್ಲಿಸುವಂತಿಲ್ಲ. ಡಾಕ್ಟರನ್ನು "ಅಮ್ಮನ ವಯಸ್ಸಿಗೆ ಇದು ಜಾಸ್ತಿ ಇಳಿದಿಲ್ಲವಾ?" ಅಂತ ಒಮ್ಮೆ ಕೇಳಿ.

ಆ ಅಜ್ಜಿಯ ಗ್ಲಿಮೆಪಿರೈಡ್ ತೆಗೆದೆ, ಮೆಟ್‌ಫಾರ್ಮಿನ್ ಅರ್ಧ ಮಾಡಿದೆ, ಕುಸಿತ ತರದ ಗ್ಲಿಪ್ಟಿನ್ ಗುಂಪಿನ ಒಂದು ಮಾತ್ರೆ ಸೇರಿಸಿದೆ. ಪೇಟೆಂಟ್ ಮುಗಿದು ಅವುಗಳ ಬೆಲೆ ಈಗ ಇಳಿದಿದೆ. ಮರೆವು ಪೂರ್ತಿ ಹೋಗಲಿಲ್ಲ. ಓದುಬರಹ ಬಾರದವರಿಗೆಂದೇ ಇರುವ ಪರೀಕ್ಷೆ ಮಾಡಿದಾಗ ಮೊದಲ ಹಂತದ ಡಿಮೆನ್ಶಿಯಾ ಇರುವುದು ಖಚಿತವಾಯಿತು. ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ. ಆದರೆ ಕೊಟ್ಟಿಗೆಗೆ ಹೋಗುವುದು ನಿಂತಿದೆ, ರಾತ್ರಿಯೆಲ್ಲ ಮಲಗುತ್ತಾರೆ. ಹೋದ ತಿಂಗಳ ರಿಪೋರ್ಟ್ 7.7. ಮಗ ಬಂದಿರಲಿಲ್ಲ, ಫೋನಿನಲ್ಲಿದ್ದರು. "ಜಾಸ್ತಿ ಆಯ್ತಲ್ಲ ಮೇಡಂ, ಏರಿಸೋದು ಬೇಡ್ವಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಫೋನ್ ತಗೊಂಡು, "ಬೇಡ ರೀ, ಅತ್ತೆಗೆ ಇಷ್ಟಿದ್ರೇನೇ ಒಳ್ಳೇದು. ರಾತ್ರಿ ಎದ್ದು ನೋಡೋಳು ನಾನು" ಅಂದಳು. ಅಜ್ಜಿ ಅವಳ ಸೆರಗು ಹಿಡಿದು, ಕಾಫಿ ಯಾವಾಗ ಅಂತ ಕೇಳುತ್ತಿದ್ದರು.