ಎರಡು ಕಂಪ್ಯೂಟರ್, ಒಂದು ಯುಎಸ್‌ಬಿ ಕೇಬಲ್: ಮೊದಲು ಮಾತಾಡುವವರು ಯಾರು?

ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕೆಳಗೆ ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ಇಟ್ಟುಕೊಳ್ಳುವವರು ಜಾಸ್ತಿ. ಎಷ್ಟೋ ಪ್ಯಾಡ್‌ಗಳ ಜೊತೆ ಒಂದು ಗಿಡ್ಡ ಕೇಬಲ್ ಬರುತ್ತದೆ. ಅದರ ಎರಡೂ ತುದಿಯಲ್ಲಿ ಒಂದೇ ಥರದ ಚಪ್ಪಟೆ ಯುಎಸ್‌ಬಿ ಪಿನ್ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದವರಿಗೆ ಒಂದು ಆಸೆ ಹುಟ್ಟುತ್ತದೆ. ಒಂದು ತುದಿಯನ್ನು ಹಳೇ ಕಂಪ್ಯೂಟರ್‌ಗೆ, ಇನ್ನೊಂದನ್ನು ಹೊಸದಕ್ಕೆ ಚುಚ್ಚಿಬಿಟ್ಟರೆ ಫೈಲ್‌ಗಳೆಲ್ಲ ನೇರವಾಗಿ ದಾಟಿಬಿಡುತ್ತವೆ, ಅಲ್ವಾ?

ದಾಟುವುದಿಲ್ಲ. ದಯವಿಟ್ಟು ಚುಚ್ಚಿ ನೋಡಲೂ ಹೋಗಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ಈ ಪ್ರಶ್ನೆ ತುಂಬಾ ಒಳ್ಳೆಯದು. ಮೌಸ್ ಚುಚ್ಚಿದರೆ ಕೆಲಸ ಮಾಡುತ್ತದೆ, ಪೆನ್‌ಡ್ರೈವ್ ಚುಚ್ಚಿದರೂ ಮಾಡುತ್ತದೆ, ಮೊಬೈಲೂ ಸೇರಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಬುದ್ಧಿ ಇರುವ ಇನ್ನೊಂದು ಕಂಪ್ಯೂಟರ್ ಮಾತ್ರ ಯಾಕೆ ಸೇರುವುದಿಲ್ಲ?

ಉತ್ತರ ಯುಎಸ್‌ಬಿ ಹುಟ್ಟಿದ ರೀತಿಯಲ್ಲೇ ಇದೆ. 1990ರ ದಶಕದಲ್ಲಿ ಕಂಪ್ಯೂಟರ್ ಹಿಂಭಾಗ ಒಂದು ಗೊಂದಲವಾಗಿತ್ತು. ಕೀಬೋರ್ಡ್‌ಗೆ ಒಂದು ಪೋರ್ಟ್, ಪ್ರಿಂಟರ್‌ಗೆ ಇನ್ನೊಂದು, ಮೋಡೆಮ್‌ಗೆ ಮತ್ತೊಂದು. ಇಂಟೆಲ್ ಸೇರಿ ಏಳು ಕಂಪನಿಗಳು ಕೂಡಿ ಇದನ್ನು ಬಗೆಹರಿಸಲು ಹೊರಟವು. ಬರೋಡಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಇಂಟೆಲ್‌ನಲ್ಲಿ ಈ ಕೆಲಸದ ಮುಂದಾಳು. 1996ರಲ್ಲಿ ಮೊದಲ ಯುಎಸ್‌ಬಿ ನಿಯಮಾವಳಿ ಬಂತು. ಅವರ ಗುರಿ, ಕಡಿಮೆ ಬೆಲೆಯ ಮೌಸ್‌ಗೂ ಹೊಂದುವ ಪೋರ್ಟ್. ಅದಕ್ಕೆ ಬುದ್ಧಿಯನ್ನೆಲ್ಲ ಕಂಪ್ಯೂಟರ್ ಕಡೆಗೆ ಇಟ್ಟರು. ಮೌಸ್, ಪ್ರಿಂಟರ್‌ಗಳಿಗೆ ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ಬುದ್ಧಿ ಸಾಕು ಅಂದುಕೊಂಡರು.

ಹೀಗಾಗಿ ಯುಎಸ್‌ಬಿಯಲ್ಲಿ ಇಬ್ಬರೂ ಸಮಾನರಲ್ಲ. ಕಂಪ್ಯೂಟರ್ ಯಜಮಾನ, ಅದಕ್ಕೆ ಹೋಸ್ಟ್ ಅನ್ನುತ್ತಾರೆ. ಚುಚ್ಚಿದ ವಸ್ತು ಡಿವೈಸ್. ಹೋಸ್ಟ್ ಕೇಳದೆ ಡಿವೈಸ್ ತಾನಾಗಿ ಡೇಟಾ ಕಳಿಸುವಂತಿಲ್ಲ. ನೀವು ಮೌಸ್ ಅಲುಗಾಡಿಸಿದಾಗ ಅದು ಕಂಪ್ಯೂಟರನ್ನು ಕೂಗಿ ಕರೆಯುವುದಿಲ್ಲ. ಕಂಪ್ಯೂಟರೇ ಸೆಕೆಂಡಿಗೆ ಸುಮಾರು 125 ಸಲ ‘ಏನಾದರೂ ಇದೆಯಾ?’ ಅಂತ ವಿಚಾರಿಸುತ್ತಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಸರದಿ ಪ್ರಕಾರ ನೀರು ಬಿಡುವವರು ಇರುತ್ತಾರಲ್ಲ, ಹೋಸ್ಟ್ ಕೆಲಸವೂ ಅಂಥದ್ದೇ. ತನ್ನ ಸರದಿ ಬರುವ ತನಕ ಗದ್ದೆ ಕಾಯಬೇಕು. ಎರಡು ಕಂಪ್ಯೂಟರ್ ಜೋಡಿಸುವುದು ಅಂದರೆ ನೀರು ಬಿಡುವವರು ಇಬ್ಬರು ಎದುರುಬದುರು ನಿಂತಂತೆ. ಸರದಿಗೆ ಕಾಯುವ ಗದ್ದೆಯೇ ಅಲ್ಲಿಲ್ಲ.

ಈ ಮೌನ ತಂತಿಯ ಮಟ್ಟದಲ್ಲೇ ಶುರುವಾಗುತ್ತದೆ. ಯುಎಸ್‌ಬಿ 2.0 ಕೇಬಲ್ ಸಿಪ್ಪೆ ಸುಲಿದರೆ ಸಾಮಾನ್ಯವಾಗಿ ನಾಲ್ಕು ವೈರ್ ಸಿಗುತ್ತವೆ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್. ಬಿಳಿ ಮತ್ತು ಹಸಿರು ಡೇಟಾಕ್ಕೆ. ಕಂಪ್ಯೂಟರ್ ತನ್ನ ಎರಡೂ ಡೇಟಾ ವೈರ್‌ಗಳನ್ನು 15 ಕಿಲೋಓಮ್ ರೆಸಿಸ್ಟರ್ (ಕರೆಂಟಿನ ಹರಿವಿಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ) ಮೂಲಕ ಸೊನ್ನೆ ವೋಲ್ಟ್ ಕಡೆ ಎಳೆದು ಹಿಡಿದಿರುತ್ತದೆ. ಡಿವೈಸ್ ಚುಚ್ಚಿದ ಕೂಡಲೇ ಅದರೊಳಗಿನ 1.5 ಕಿಲೋಓಮ್ ರೆಸಿಸ್ಟರ್ ಒಂದು ಡೇಟಾ ವೈರನ್ನು ಮೇಲಕ್ಕೆ, ಸುಮಾರು 3.3 ವೋಲ್ಟ್ ಕಡೆಗೆ, ಎಳೆಯುತ್ತದೆ. ಕಂಪ್ಯೂಟರ್‌ಗೆ ಯಾರೋ ಬಂದಿದ್ದಾರೆ ಅಂತ ಗೊತ್ತಾಗುವುದೇ ಆಗ. ಎರಡು ಕಂಪ್ಯೂಟರ್ ಸೇರಿದರೆ ಎರಡೂ ಕೆಳಕ್ಕೇ ಎಳೆಯುತ್ತವೆ. ಮೇಲಕ್ಕೆ ಎಳೆಯುವವರು ಇಲ್ಲ. ಆದ್ದರಿಂದ ಪರದೆ ಮೇಲೆ ಒಂದು ಎರರ್ ಕೂಡ ಬರುವುದಿಲ್ಲ.

ಡೇಟಾ ಹೋಗದಿದ್ದರೆ ಹೋಗಲಿ. ಅಪಾಯ ಇರುವುದು ಕೆಂಪು ವೈರಿನಲ್ಲಿ. ಎರಡೂ ಕಡೆಯಿಂದ 5 ವೋಲ್ಟ್ ಬಂದು ಕೂಡುತ್ತದೆ. ಎರಡರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕರೆಂಟ್ ನುಗ್ಗುತ್ತದೆ. ನಮ್ಮ ಕಡೆ ಇನ್ನೊಂದು ಸಾಧ್ಯತೆಯೂ ಇದೆ. ಒಂದು ಕಂಪ್ಯೂಟರ್‌ಗೆ ಯುಪಿಎಸ್ ಇದೆ, ಇನ್ನೊಂದಕ್ಕೆ ಇಲ್ಲ ಅಂದುಕೊಳ್ಳಿ. ಕರೆಂಟ್ ಹೋದಾಗ ಆರಿಹೋದ ಯಂತ್ರದೊಳಗೆ ಯುಎಸ್‌ಬಿ ಪೋರ್ಟಿನಿಂದ ಹಿಮ್ಮುಖವಾಗಿ ಕರೆಂಟ್ ಹರಿಯಬಹುದು. ಕೆಲವು ಬೋರ್ಡ್‌ಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಪೋರ್ಟ್ ಸುಟ್ಟುಹೋಗಬಹುದು. ಪ್ರಿಂಟರ್ ಕೇಬಲ್ಲಿನ ಒಂದು ತುದಿ ಚಪ್ಪಟೆ, ಇನ್ನೊಂದು ಚೌಕ ಇರುವುದು ಇದೇ ಕಾರಣಕ್ಕೆ. ತಪ್ಪಾಗಿ ಜೋಡಿಸಲು ಸಾಧ್ಯವೇ ಆಗಬಾರದು ಅಂತ ಬೇಕೆಂದೇ ಹಾಗೆ ಮಾಡಿದರು. ಎರಡೂ ತುದಿ ಚಪ್ಪಟೆ ಇರುವ ಕೂಲಿಂಗ್ ಪ್ಯಾಡ್ ಕೇಬಲ್ ಈ ಜಾಣತನವನ್ನು ಹಾಳು ಮಾಡಿದೆ. ಅಂಥ ಕೇಬಲ್ ಮಾರಬಾರದು ಅನ್ನುವುದು ನನ್ನ ಅಭಿಪ್ರಾಯ.

ಸಮಾನರಾಗಿ ಮಾತಾಡುವ ವ್ಯವಸ್ಥೆ ಆ ಕಾಲದಲ್ಲಿ ಇರಲಿಲ್ಲ ಅಂತಲ್ಲ. ಗಂಗಾವತಿ, ಹೊಸಪೇಟೆಗಳಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದ ಹಳಬರನ್ನು ಕೇಳಿ. ಕ್ಯಾಮೆರಾದ ಸಣ್ಣ ಡಿವಿ ಟೇಪಿನಿಂದ ಕಂಪ್ಯೂಟರ್‌ಗೆ ವಿಡಿಯೋ ಇಳಿಸಲು ಫೈರ್‌ವೈರ್ ಅನ್ನುವ ಬೇರೊಂದು ಥರದ ಪೋರ್ಟ್ ಇರುವ ಕಾರ್ಡ್ ಹಾಕಿಸುತ್ತಿದ್ದರು. ಆ ಫೈರ್‌ವೈರ್‌ನಲ್ಲಿ ಯಜಮಾನ, ಆಳು ಅನ್ನುವ ಭೇದ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿ ಇದ್ದ ಎರಡು ಕಂಪ್ಯೂಟರ್‌ಗಳನ್ನು ಆ ಕೇಬಲ್‌ನಿಂದಲೇ ನೆಟ್‌ವರ್ಕ್ ಮಾಡಬಹುದಿತ್ತು. ಆದರೆ ಸಮಾನತೆಗೆ ಖರ್ಚು ಜಾಸ್ತಿ. ಪ್ರತಿ ಸಾಧನದಲ್ಲೂ ದುಬಾರಿ ಚಿಪ್ ಬೇಕು. ಅಗ್ಗದ ಯುಎಸ್‌ಬಿ ಗೆದ್ದಿತು.

ಹಾಗಾದರೆ ಯುಎಸ್‌ಬಿಯಲ್ಲಿ ದಾರಿಯೇ ಇಲ್ಲವಾ? ಇದೆ. ಅದಕ್ಕೆಂದೇ ಡೇಟಾ ಟ್ರಾನ್ಸ್‌ಫರ್ ಕೇಬಲ್ ಬರುತ್ತದೆ. ಇದರ ಎರಡೂ ತುದಿ ಚಪ್ಪಟೆಯೇ. ಆದರೆ ಸಾಮಾನ್ಯವಾಗಿ ನಡುವೆ ಒಂದು ಉಬ್ಬಿದ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದನ್ನು ಬಿಚ್ಚಿದರೆ ಒಂದು ಚಿಕ್ಕ ಬೋರ್ಡ್, ಅದರ ಮೇಲೆ ಒಂದು ಚಿಪ್. ಪ್ರೊಲಿಫಿಕ್ ಅನ್ನುವ ತೈವಾನಿನ ಕಂಪನಿಯ ಚಿಪ್‌ಗಳು ಇದಕ್ಕೆ ಹೆಸರಾದವು. ಈ ಚಿಪ್ ಎಡಗಡೆಯ ಕಂಪ್ಯೂಟರ್‌ಗೆ ‘ನಾನು ನಿನ್ನ ಡಿವೈಸ್’ ಅನ್ನುತ್ತದೆ. ಬಲಗಡೆಯದಕ್ಕೂ ಅದನ್ನೇ ಹೇಳುತ್ತದೆ. ಒಳಗೆ ಸ್ವಲ್ಪ ಮೆಮೊರಿ. ಈ ಕಡೆಯವರು ಬರೆದದ್ದನ್ನು ಅಲ್ಲಿ ಇಟ್ಟುಕೊಂಡು, ಆ ಕಡೆಯವರು ಕೇಳಿದಾಗ ಕೊಡುತ್ತದೆ. ಇಬ್ಬರು ಯಜಮಾನರೂ ಯಜಮಾನರಾಗಿಯೇ ಉಳಿಯುತ್ತಾರೆ, ಕೆಲಸವೂ ಆಗುತ್ತದೆ. ನಿಯಮವನ್ನು ಎಲ್ಲೂ ಮುರಿದಿಲ್ಲ ನೋಡಿ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ವಿಂಡೋಸ್ ವಿಸ್ತಾ ಕಾಲದಲ್ಲಿ ಹಳೇ ಕಂಪ್ಯೂಟರ್‌ನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸಲು ಇಂಥದ್ದೇ ಕೇಬಲ್ ಮಾರುತ್ತಿದ್ದರು. ಲಿನಕ್ಸ್‌ನಲ್ಲಿ ಇಂಥ ಎಷ್ಟೋ ಕೇಬಲ್‌ಗಳಿಗೆ ಬೇಕಾದ ಡ್ರೈವರ್ ಮೊದಲೇ ಇರುತ್ತದೆ, ಚುಚ್ಚಿದರೆ ಒಂದು ನೆಟ್‌ವರ್ಕ್ ಕಾರ್ಡ್ ಥರ ಕಾಣಿಸುತ್ತದೆ.

ಮೊಬೈಲ್ ಬಂದ ಮೇಲೆ ಯಜಮಾನಿಕೆ ಬದಲಾಯಿಸುವ ಅಗತ್ಯವೂ ಬಂತು. ಅದೇ ಫೋನು ಕಂಪ್ಯೂಟರ್‌ಗೆ ಚುಚ್ಚಿದರೆ ಡಿವೈಸ್ ಆಗಬೇಕು, ಪೆನ್‌ಡ್ರೈವ್ ಚುಚ್ಚಿದರೆ ಹೋಸ್ಟ್ ಆಗಬೇಕು. 2001ರಲ್ಲಿ ಒಟಿಜಿ (ಆನ್-ದಿ-ಗೋ) ನಿಯಮ ಬಂತು. ಸಣ್ಣ ಪಿನ್ನಿನಲ್ಲಿ ಐದನೆಯದೊಂದು ಸಂಪರ್ಕ ಸೇರಿಸಿ, ಅದು ಗ್ರೌಂಡ್ ಆಗಿದ್ದರೆ ನೀನೇ ಯಜಮಾನ ಅಂತ ತಿಳಿಸುವ ಉಪಾಯ ಅದು.

2014ರಲ್ಲಿ ಟೈಪ್-ಸಿ ಬಂತು. ಇದರ ಎರಡೂ ತುದಿ ಒಂದೇ. ಆದರೆ ಇಲ್ಲಿ 5 ವೋಲ್ಟ್ ಸುಮ್ನೆ ಹರಿಯುವುದಿಲ್ಲ. ಆಚೆ ಕಡೆ ಯಾರಿದ್ದಾರೆ ಅಂತ ಬೇರೆಯೇ ಪಿನ್ ಮೂಲಕ ಗೊತ್ತಾದ ಮೇಲಷ್ಟೇ ಹರಿಯುತ್ತದೆ. ಹಾಗಾಗಿ ಎರಡು ಲ್ಯಾಪ್‌ಟಾಪ್‌ಗಳ ಟೈಪ್-ಸಿ ಪೋರ್ಟ್‌ಗಳನ್ನು ಸರಿಯಾದ ಕೇಬಲ್‌ನಿಂದ ಸೇರಿಸಿದರೆ ಸುಡುವ ಭಯವಿಲ್ಲ. ಒಂದು ಇನ್ನೊಂದನ್ನು ಚಾರ್ಜ್ ಮಾಡಲೂಬಹುದು. ಫೈಲ್ ಮಾತ್ರ ಎಲ್ಲ ಪೋರ್ಟ್‌ಗಳಲ್ಲಿ ಹೋಗುವುದಿಲ್ಲ. ಥಂಡರ್‌ಬೋಲ್ಟ್ ಅನ್ನುವ ವೇಗದ ಸಂಪರ್ಕ ಇರುವ ಎರಡು ಲ್ಯಾಪ್‌ಟಾಪ್‌ಗಳಾದರೆ ಹೋಗುತ್ತದೆ. ಥಂಡರ್‌ಬೋಲ್ಟ್ 3ರಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ತನಕದ ಸಂಪರ್ಕ ಸಿಗುತ್ತದೆ. ಪೋರ್ಟ್ ಪಕ್ಕ ಮಿಂಚಿನ ಬಾಣದ ಗುರುತು ಇದೆಯಾ ನೋಡಿ.

ಬಳ್ಳಾರಿಯ ಫೋಟೋ ಸ್ಟುಡಿಯೋದಲ್ಲಿ ಒಂದು ಮದುವೆಯ 200 ಜಿಬಿ ವಿಡಿಯೋ ಎಡಿಟಿಂಗ್ ಕಂಪ್ಯೂಟರ್‌ಗೆ ಹೋಗಬೇಕಿದೆ ಅನ್ನಿ. 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಇಂಟರ್ನೆಟ್‌ನಲ್ಲಿ ಅಪ್‌ಲೋಡ್ ಮಾಡಿದರೆ ಲೆಕ್ಕದ ಪ್ರಕಾರ 22 ಗಂಟೆ. ಟ್ರಾನ್ಸ್‌ಫರ್ ಕೇಬಲ್ ಸೆಕೆಂಡಿಗೆ 25 ಎಂಬಿ (ಮೆಗಾಬೈಟ್, ಒಂದು ಬೈಟ್ ಅಂದರೆ 8 ಬಿಟ್) ಕೊಟ್ಟರೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದರೆ ಸಾಧಾರಣ ಲ್ಯಾನ್ ಕೇಬಲ್‌ನಲ್ಲಿ ಸುಮಾರು ಅರ್ಧ ಗಂಟೆ, ಹಾರ್ಡ್‌ಡಿಸ್ಕ್ ಅಷ್ಟು ವೇಗ ತಾಳಿದರೆ. ಹೌದು, ಇಷ್ಟೆಲ್ಲ ಯುಎಸ್‌ಬಿ ಬಗ್ಗೆ ಹೇಳಿ ಕೊನೆಗೆ ನಾನು ಲ್ಯಾನ್ ಕೇಬಲ್ಲನ್ನೇ ಶಿಫಾರಸು ಮಾಡುತ್ತೇನೆ. ಲ್ಯಾನ್ ಕೇಬಲ್ ಬಳಸುವ ಈಥರ್ನೆಟ್‌ನಲ್ಲಿ ಯಜಮಾನ ಅಂತ ಯಾರೂ ಇಲ್ಲ, ಯಾರು ಬೇಕಾದರೂ ಮೊದಲು ಮಾತಾಡಬಹುದು. ಯುಎಸ್‌ಬಿ 2.0 ಕೇಬಲ್ 5 ಮೀಟರ್‌ಗೆ ಸುಸ್ತಾದರೆ ಇದು 100 ಮೀಟರ್ ತನಕ ಎಳೆಯುತ್ತದೆ. ಗಿಗಾಬಿಟ್ ಪೋರ್ಟ್‌ಗಳಿದ್ದರೆ ನಡುವೆ ರೂಟರ್ ಬೇಡ, ವೈರ್‌ಗಳನ್ನು ಅದಲುಬದಲು ಮಾಡಿದ ಕ್ರಾಸ್ ಕೇಬಲ್ಲೂ ಬೇಡ. ನೇರ ಜೋಡಿಸಿ ಒಂದು ನಿಮಿಷ ಕಾಯಿರಿ. ಎರಡೂ ಕಂಪ್ಯೂಟರ್ ತಾವೇ 169.254 ಅಂತ ಶುರುವಾಗುವ ಒಂದೊಂದು ವಿಳಾಸ ಇಟ್ಟುಕೊಳ್ಳುತ್ತವೆ. ಆಮೇಲೆ ಒಂದು ಫೋಲ್ಡರ್ ಶೇರ್ ಮಾಡಿ, ಇನ್ನೊಂದರಿಂದ ತೆರೆದರೆ ಆಯಿತು. ಹೊಸ ತೆಳು ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿಯಿಂದ ಲ್ಯಾನ್‌ಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಕೊಳ್ಳುವಾಗ ಯುಎಸ್‌ಬಿ 3.0 ಮತ್ತು ಗಿಗಾಬಿಟ್ ಅಂತ ಎರಡನ್ನೂ ಕೇಳಿ ತೆಗೆದುಕೊಳ್ಳಿ.