ಡ್ರಾಫ್ಟ್‌ನ ಮೊದಲ ಆಯ್ಕೆ ಜ್ಯಾಕ್ ವಾಟ್ಸ್ ಯಾಕೆ ಅಂದುಕೊಂಡಷ್ಟು ಮಿಂಚಲಿಲ್ಲ?

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದವರ ಫುಟಿಯಲ್ಲಿ (ಕೈ, ಕಾಲು ಎರಡರಿಂದಲೂ ಆಡುವ ಅವರದೇ ಬಗೆಯ ಫುಟ್‌ಬಾಲ್) ಪ್ರತಿಭೆ ಇದ್ದೂ ಮೇಲೆ ಬರದವರ ಮಾತು ಬಂದಾಗೆಲ್ಲ ಜ್ಯಾಕ್ ವಾಟ್ಸ್ ಹೆಸರು ಕೇಳಿಸುತ್ತದೆ. ಅಷ್ಟು ಒಳ್ಳೆಯ ಆಟಗಾರ ಯಾಕೆ ಹಿಂದುಳಿದ? ಸೋಮಾರಿತನವೇ ಕಾರಣ ಅಲ್ವಾ?

ಉತ್ತರ: ಅಲ್ಲ. ಅವನ ತಪ್ಪೂ ಸ್ವಲ್ಪ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಮುಖ್ಯ ಕಾರಣ ಬೇರೆ. ಇನ್ನೂ ಮೈ ಬಲಿಯದ ಹುಡುಗನನ್ನು, ಕುಸಿದು ಬಿದ್ದಿದ್ದ ತಂಡವೊಂದು, ತನ್ನನ್ನು ಮೇಲೆತ್ತು ಅಂತ ಮೈದಾನಕ್ಕೆ ತಳ್ಳಿತು.

ಈ ಆಟದ ದೊಡ್ಡ ಲೀಗ್ ಎಎಫ್‌ಎಲ್. ಅಲ್ಲಿ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅದರ ನಿಯಮ ಸರಳ. ಆ ವರ್ಷದ ಅಂಕಪಟ್ಟಿಯಲ್ಲಿ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ. 2008ರಲ್ಲಿ ಮೆಲ್ಬರ್ನ್ ತಂಡ 22 ಪಂದ್ಯಗಳಲ್ಲಿ ಗೆದ್ದಿದ್ದು ಮೂರೇ ಮೂರು. ಹಾಗಾಗಿ ದೇಶದಲ್ಲೇ ಅತ್ಯುತ್ತಮ ಹುಡುಗ ಎನಿಸಿಕೊಂಡಿದ್ದ ವಾಟ್ಸ್ ಅವರ ಪಾಲಾದ. ಆಗ ಅವನಿಗೆ 17 ವರ್ಷ. ಎತ್ತರ 196 ಸೆಂಟಿಮೀಟರ್, ಓಟ ಹಗುರ, ಒದೆತ ಅಚ್ಚುಕಟ್ಟು. ಚೆಂಡು ಕೈಗೆ ಬಂದರೆ ಗಾಬರಿ ಬೀಳುತ್ತಿರಲಿಲ್ಲ. ಎರಡನೇ ಆಯ್ಕೆಯಾಗಿ ವೆಸ್ಟ್ ಕೋಸ್ಟ್ ಸೇರಿದವನು ನಿಕ್ ನೈಟನುಯಿ. ಮುಂದಿನ ಹತ್ತು ವರ್ಷ ಮೆಲ್ಬರ್ನ್ ಅಭಿಮಾನಿಗಳು ಈ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡುವುದನ್ನು ಬಿಡಲಿಲ್ಲ.

ಮೊದಲ ಪಂದ್ಯದ ಕಥೆ ಗೊತ್ತಿರಲೇಬೇಕು. 2009ರ ಜೂನ್ 8, ಕ್ವೀನ್ಸ್ ಬರ್ತ್‌ಡೇ ರಜೆ, ಎಂಸಿಜಿ ಮೈದಾನ, ಎದುರಾಳಿ ಕಾಲಿಂಗ್‌ವುಡ್. ಲೀಗ್ ಹಂತದಲ್ಲಿ ಮೆಲ್ಬರ್ನ್ ಆಡುವ ಅತಿ ದೊಡ್ಡ ಪಂದ್ಯ ಅದು. ವಾಟ್ಸ್ ಆಗಿನ್ನೂ ಬ್ರೈಟನ್ ಗ್ರಾಮರ್ ಶಾಲೆಯಲ್ಲಿ 12ನೇ ತರಗತಿ ಓದುತ್ತಿದ್ದ. ಕ್ಲಬ್ ಪಂದ್ಯಕ್ಕೆ ಮೊದಲೇ ಅವನ ಹೆಸರನ್ನು ಜೋರಾಗಿ ಸಾರಿತ್ತು. ಬೆಂಚಿನಿಂದ ಎದ್ದು ಮೈದಾನಕ್ಕಿಳಿದ. ಚೆಂಡು ಕೈಗೆ ಸಿಕ್ಕಿತಷ್ಟೇ, ಮೂವರು ಕಾಲಿಂಗ್‌ವುಡ್ ಆಟಗಾರರು ಒಟ್ಟಿಗೆ ಮೇಲೆ ಬಿದ್ದು ನೆಲಕ್ಕೆ ಕೆಡವಿದರು. ಅವರೆಲ್ಲ ವರ್ಷಗಟ್ಟಲೆ ಜಿಮ್ಮಿನಲ್ಲಿ ಮೈ ಗಟ್ಟಿ ಮಾಡಿಕೊಂಡವರು, ಇವನು ಶಾಲೆಯ ಹುಡುಗ. ಆ ದೃಶ್ಯ ಟಿವಿಯಲ್ಲಿ ಎಷ್ಟು ಸಲ ಬಂತೆಂದರೆ, ಅವನ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುವುದು ಇವತ್ತಿಗೂ ಅದೇ. ಆ ಹುಡುಗನನ್ನು ಅವತ್ತು ಆಡಿಸುವ ಅಗತ್ಯ ಏನಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಈ ಆಟದಲ್ಲಿ ಗೋಲಿನ ಮುಂದೆ ನಿಲ್ಲುವ ಎತ್ತರದ ಫಾರ್ವರ್ಡ್‌ನ ಕೆಲಸ ಬಲು ಕಷ್ಟದ್ದು. ದೂರದಿಂದ ಹಾರಿಬರುವ ಚೆಂಡನ್ನು ಗಾಳಿಯಲ್ಲೇ ಹಿಡಿಯಬೇಕು. ಹಿಡಿಯುವಾಗ 100 ಕಿಲೋ ತೂಗುವ ಡಿಫೆಂಡರ್ ಬೆನ್ನಿಗೆ ಅಂಟಿಕೊಂಡು ತಳ್ಳುತ್ತಿರುತ್ತಾನೆ. ಅದನ್ನು ತಡೆಯುವ ಸೊಂಟ, ಭುಜ ಎತ್ತರದ ಹುಡುಗರಿಗೆ 22-23 ವರ್ಷಕ್ಕೆ ಮೊದಲು ಬರುವುದು ಅಪರೂಪ. ಕುಳ್ಳಗಿನ ಮಿಡ್‌ಫೀಲ್ಡರ್ 18ಕ್ಕೇ ಮಿಂಚಬಹುದು, ಎತ್ತರದವನಿಗೆ ಕಾಯಬೇಕು. ಅದೇ ಮೆಲ್ಬರ್ನ್ ತಂಡದ ಮ್ಯಾಕ್ಸ್ ಗಾನ್‌ನನ್ನೇ ನೋಡಿ. 2009ರ ಡ್ರಾಫ್ಟ್‌ನಲ್ಲಿ 34ನೇ ಆಯ್ಕೆ. ಮೊದಲ ವರ್ಷಗಳಲ್ಲಿ ಮೊಣಕಾಲಿನ ಗಾಯ, ತಂಡದಲ್ಲಿ ಜಾಗ ಗಟ್ಟಿಯಿಲ್ಲ. ಅವನ ಬಗ್ಗೆ ಯಾರೂ ದೊಡ್ಡದಾಗಿ ಬರೆಯುತ್ತಿರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ. 2016ರ ಹೊತ್ತಿಗೆ ಲೀಗಿನ ಅತ್ಯುತ್ತಮ ರಕ್‌ಮನ್‌ಗಳಲ್ಲಿ (ಆಟ ಶುರುವಾಗುವಾಗ ಮೇಲೇಳುವ ಚೆಂಡಿಗೆ ಜಿಗಿಯುವ ಎತ್ತರದ ಆಟಗಾರರು) ಒಬ್ಬನಾದ. 2021ರಲ್ಲಿ 57 ವರ್ಷಗಳ ಬಳಿಕ ಮೆಲ್ಬರ್ನ್ ಪ್ರಶಸ್ತಿ ಗೆದ್ದಾಗ ನಾಯಕ ಅವನೇ.

ಇನ್ನು ಕ್ಲಬ್ಬಿನ ಸ್ಥಿತಿ. 2011ರಲ್ಲಿ ಜೀಲಾಂಗ್ ಎದುರು 186 ಪಾಯಿಂಟುಗಳಿಂದ (ಒಂದು ಗೋಲಿಗೆ ಆರು ಪಾಯಿಂಟು) ಸೋತರು, ಮರುದಿನವೇ ಕೋಚ್ ಡೀನ್ ಬೇಯ್ಲಿಯನ್ನು ತೆಗೆದುಹಾಕಿದರು. ಆಮೇಲೆ ಮಾರ್ಕ್ ನೀಲ್ಡ್ ಬಂದ, 2013ರ ಮಧ್ಯದಲ್ಲೇ ಹೋದ. ಆ ವರ್ಷ ಗೆದ್ದಿದ್ದು ಎರಡೇ ಪಂದ್ಯ. ನಡುವೆ ಬಂದ ಹಂಗಾಮಿ ಕೋಚ್‌ಗಳು ಬೇರೆ. ಒಬ್ಬ ಮುಂದೆ ಆಡು ಅಂದರೆ ಇನ್ನೊಬ್ಬ ಹಿಂದೆ ನಿಲ್ಲು ಅಂದ. ಈ ಕ್ಲಬ್ಬಿನಲ್ಲಿ ಸೊರಗಿದವನು ವಾಟ್ಸ್ ಒಬ್ಬನೇ ಅಲ್ಲ. 2009ರ ಮೊದಲ ಎರಡು ಆಯ್ಕೆಗಳೂ ಮೆಲ್ಬರ್ನ್‌ನವೇ. ಟಾಮ್ ಸ್ಕಲ್ಲಿ ಎರಡೇ ವರ್ಷದಲ್ಲಿ ಹೊಸ ತಂಡಕ್ಕೆ ಹೊರಟುಹೋದ. ಜ್ಯಾಕ್ ಟ್ರೆಂಗೋವ್‌ನನ್ನು 20ನೇ ವಯಸ್ಸಿಗೇ ಸಹನಾಯಕನನ್ನಾಗಿ ಮಾಡಿದರು, ಆಮೇಲೆ ಪಾದದ ಗಾಯ ಅವನನ್ನು ತಿಂದುಹಾಕಿತು. ಮೂವರೂ ಸೋಮಾರಿಗಳಾಗಿದ್ದರು ಅಂತ ಹೇಳಕ್ಕಾಗುತ್ತಾ? ಗಿಡ ಒಣಗುತ್ತಿದ್ದರೆ ಮಣ್ಣನ್ನೂ ನೋಡಬೇಕಲ್ವಾ.

ವಾಟ್ಸ್‌ನ ತಪ್ಪು ಅಂದೆನಲ್ಲ, ಅದು ಇದು. ಮೈಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳುವ ಹಠ ಅವನಲ್ಲಿ ಕಡಿಮೆ ಇತ್ತು. 2017ರ ಹೊತ್ತಿಗೆ ಅವನ ತಯಾರಿಯ ಬಗ್ಗೆ ಕೋಚ್ ಸೈಮನ್ ಗುಡ್ವಿನ್‌ಗೆ ಅಸಮಾಧಾನವಿತ್ತು, ವರ್ಷದ ಕೊನೆಗೆ ಡ್ರಾಫ್ಟ್‌ನ 31ನೇ ಆಯ್ಕೆಯ ಹಕ್ಕಿಗೆ ಬದಲಾಗಿ ಅವನನ್ನು ಪೋರ್ಟ್ ಅಡಿಲೇಡ್ ತಂಡಕ್ಕೆ ಕೊಟ್ಟುಬಿಟ್ಟರು. 2019ರಲ್ಲಿ ಕಾಲು ಮುರಿಯಿತು, 2020ರಲ್ಲಿ ನಿವೃತ್ತಿ.

ಆದರೂ ಅವನು ಪೂರ್ತಿ ಸೋತ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪಾಲ್ ರೂಸ್ ಕೋಚ್ ಆಗಿ ಬಂದ ಮೇಲೆ ತಂಡಕ್ಕೆ ಒಂದು ನೆಲೆ ಸಿಕ್ಕಿತು. 2016ರಲ್ಲಿ, 25ನೇ ವಯಸ್ಸಿನಲ್ಲಿ, ವಾಟ್ಸ್ 38 ಗೋಲು ಹೊಡೆದ. ಅದೇ ಅವನ ಅತ್ಯುತ್ತಮ ವರ್ಷ. 2017ರ ಕ್ವೀನ್ಸ್ ಬರ್ತ್‌ಡೇ ಪಂದ್ಯದಲ್ಲಿ, ಅದೇ ಎಂಸಿಜಿಯಲ್ಲಿ, ಅದೇ ಕಾಲಿಂಗ್‌ವುಡ್ ಎದುರು, ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದವನೂ ಅವನೇ. ಮೆಲ್ಬರ್ನ್ ನಾಲ್ಕು ಪಾಯಿಂಟುಗಳಿಂದ ಗೆದ್ದಿತು. ಒಟ್ಟು ಆಡಿದ್ದು 174 ಪಂದ್ಯ. 31ನೇ ಆಯ್ಕೆಯಾಗಿ ಬಂದವನೊಬ್ಬ ಇಷ್ಟು ಆಡಿದ್ದರೆ "ಪರವಾಗಿಲ್ಲ, ಒಳ್ಳೆ ಆಟಗಾರ" ಅನ್ನುತ್ತಿದ್ದರು.

ಪ್ರಶಸ್ತಿ ಗೆದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತಾ ಎಂದು ಕೇಳಬಹುದು. 2013ರ ಮೊದಲ ಆಯ್ಕೆ ಟಾಮ್ ಬಾಯ್ಡ್ ವೆಸ್ಟರ್ನ್ ಬುಲ್‌ಡಾಗ್ಸ್ ಪರ 2016ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದ, 1954ರ ನಂತರ ಆ ಕ್ಲಬ್ ಮೊದಲ ಸಲ ಪ್ರಶಸ್ತಿ ಗೆದ್ದಿತು. ಅಷ್ಟಾದರೂ ಅವನಿಗೂ ಎಲ್ಲ ಸರಿಹೋಗಲಿಲ್ಲ. ದೊಡ್ಡ ಒಪ್ಪಂದದ ಭಾರ, ಖಿನ್ನತೆ, ಆತಂಕದ ಬಗ್ಗೆ ಅವನೇ ಬಹಿರಂಗವಾಗಿ ಮಾತಾಡಿದ್ದಾನೆ. 2019ರಲ್ಲಿ, 23ನೇ ವಯಸ್ಸಿಗೇ, ಒಪ್ಪಂದ ಇನ್ನೂ ಬಾಕಿ ಇರುವಾಗಲೇ ಆಟ ಬಿಟ್ಟ.