ಸಾಂತಾಗೆ ಕೆಂಪು ಅಂಗಿ ತೊಡಿಸಿದ್ದು ಕೋಕಾ-ಕೋಲಾ ಅಲ್ಲ ಮಾರಾಯ್ರೇ!

ಪ್ರಶ್ನೆ: ಸಾಂತಾ ಕ್ಲಾಸ್ ಮೊದಲು ಹಸಿರು ಬಟ್ಟೆ ಹಾಕುತ್ತಿದ್ದನಂತೆ, ಕೋಕಾ-ಕೋಲಾದವರು ತಮ್ಮ ಜಾಹೀರಾತಿಗಾಗಿ ಅದನ್ನು ಕೆಂಪು ಮಾಡಿದರಂತೆ. ಹೌದಾ?

ಡಿಸೆಂಬರ್ ಬಂತು, ಈ ಪ್ರಶ್ನೆಯೂ ಬಂತು. ಕ್ವಿಜ್‌ನಲ್ಲಿ ಇದಕ್ಕೆ ‘ಹೌದು’ ಅಂದವರಿಗೆ ಅಂಕ ಕೊಡುವವರೂ ಇದ್ದಾರೆ! ಉತ್ತರ: ಅಲ್ಲ.

ಹ್ಯಾಡನ್ ಸಂಡ್‌ಬ್ಲಾಮ್ ಎಂಬ ಕಲಾವಿದ ಕೋಕಾ-ಕೋಲಾಗಾಗಿ ಸಾಂತಾನನ್ನು ಬಿಡಿಸಲು ಶುರು ಮಾಡಿದ್ದು 1931ರಲ್ಲಿ. ಈ ಇಸವಿಯೊಂದನ್ನು ನೆನಪಿಟ್ಟುಕೊಂಡರೆ ಸಾಕು. ಅದಕ್ಕೂ ಮೊದಲೇ, 1900ರ ದಶಕದ ಆರಂಭದಲ್ಲಿ, ಅಮೆರಿಕದ ‘ಪಕ್’ ಎಂಬ ಹಾಸ್ಯ ಪತ್ರಿಕೆಯ ಮುಖಪುಟದಲ್ಲಿ ಕೆಂಪು ಅಂಗಿಯ ಸಾಂತಾ ಕಾಣಿಸಿಕೊಂಡಿದ್ದ. ತಂಪು ಪಾನೀಯ ಮಾರಲು ಬಂದಿದ್ದೂ ಕೋಕಾ-ಕೋಲಾದ ಕೈ ಹಿಡಿದಲ್ಲ. ವೈಟ್ ರಾಕ್ ಎಂಬ ಬೇರೆ ಕಂಪನಿ 1923ರಲ್ಲೇ ತನ್ನ ಜಿಂಜರ್ ಏಲ್ (ಶುಂಠಿ ರುಚಿಯ ಸೋಡಾ) ಜಾಹೀರಾತಿಗೆ ಅವನನ್ನು ಬಳಸಿತ್ತು, ಅದೂ ಕೆಂಪು ಬಟ್ಟೆಯಲ್ಲೇ. ಇಷ್ಟಾದ ಮೇಲೂ ನಂಬಿಕೆ ಬರದಿದ್ದರೆ, ಕೆಂಪು ಅಂಗಿ ನಮ್ಮ ಸೃಷ್ಟಿಯಲ್ಲ ಅಂತ ಸ್ವತಃ ಕೋಕಾ-ಕೋಲಾದವರೇ ಒಪ್ಪಿಕೊಂಡಿದ್ದಾರೆ. ಇನ್ನೇನು ಬೇಕು?

ಹಸಿರಿನ ಮಾತು ಪೂರ್ತಿ ಸುಳ್ಳಲ್ಲ. 19ನೇ ಶತಮಾನದ ಚಿತ್ರಗಳಲ್ಲಿ ಸಾಂತಾ ಹಸಿರು, ಕಂದು, ನೀಲಿ ಎಲ್ಲವನ್ನೂ ಹಾಕಿದ್ದಾನೆ, ನಡುನಡುವೆ ಕೆಂಪನ್ನೂ.

ಹಾಗಾದರೆ ಕೋಕಾ-ಕೋಲಾ ಮಾಡಿದ್ದೇನು? ಅದನ್ನು ಬೇಸಿಗೆಯ ಪಾನೀಯ ಅಂತ ಜನ ತಿಳಿದಿದ್ದರು. ಚಳಿಗಾಲದಲ್ಲೂ ಮಾರಬೇಕಿತ್ತು. ಸಂಡ್‌ಬ್ಲಾಮ್ 1964ರವರೆಗೂ ಒಂದೇ ಬಗೆಯ ನಗುಮುಖದ ಅಜ್ಜನನ್ನು ಬಿಡಿಸಿದರು. ಮೊದಲು ನಿವೃತ್ತ ಸೇಲ್ಸ್‌ಮನ್ ಸ್ನೇಹಿತನೊಬ್ಬ ಮಾದರಿ. ಆತ ತೀರಿಕೊಂಡ ಮೇಲೆ ಕನ್ನಡಿಯಲ್ಲಿ ತಮ್ಮದೇ ಮುಖ ನೋಡಿಕೊಂಡು ಬಿಡಿಸಿದರು. ಆ ಚಿತ್ರಗಳು ಜಗತ್ತಿನ ತುಂಬ ಹೋದವು, ಉಳಿದವು ಮರೆತುಹೋದವು. ಜಾಹೀರಾತಿನ ಗೆಲುವು ಅಷ್ಟೇ.

ಸಾಂತಾನ ಈಗಿನ ರೂಪಕ್ಕೆ ನಿಜವಾಗಿ ಶ್ರೇಯ ಕೊಡಬೇಕಾದ್ದು ಥಾಮಸ್ ನಾಸ್ಟ್‌ಗೆ. ಜರ್ಮನಿಯಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ನ್ಯೂಯಾರ್ಕ್‌ಗೆ ಬಂದ ವ್ಯಂಗ್ಯಚಿತ್ರಕಾರ. ‘ಹಾರ್ಪರ್ಸ್ ವೀಕ್ಲಿ’ಯಲ್ಲಿ 1863ರಲ್ಲಿ ಇವರು ಬಿಡಿಸಿದ ಸಾಂತಾ, ಅಮೆರಿಕದ ಅಂತರ್ಯುದ್ಧದ ನಡುವೆ ಉತ್ತರದ ರಾಜ್ಯಗಳ ಸೈನಿಕರಿಗೆ ಉಡುಗೊರೆ ಹಂಚುತ್ತಿದ್ದ. ಮೈಮೇಲೆ ನಕ್ಷತ್ರ, ಪಟ್ಟೆಗಳಿರುವ ಅಮೆರಿಕದ ಬಾವುಟದಂಥ ಬಟ್ಟೆ! ದೊಡ್ಡ ಹೊಟ್ಟೆ, ಬಿಳಿ ಗಡ್ಡ, ಕೈಯಲ್ಲಿ ಪೈಪ್ ಇರುವ ರೂಪ 1881ರ ಹೊತ್ತಿಗೆ ಇವರ ಕೈಯಲ್ಲೇ ಗಟ್ಟಿಯಾಯಿತು.

ನೀವು ಕೇಳಲಿಲ್ಲ, ಆದರೂ ನಾಸ್ಟ್ ಹೆಸರು ಬಂದ ಮೇಲೆ ಹೇಳದೇ ಬಿಡಲಾರೆ. ಅಮೆರಿಕದ ರಿಪಬ್ಲಿಕನ್ ಪಕ್ಷದ ಗುರುತಾದ ಆನೆಯನ್ನು ಜನಪ್ರಿಯ ಮಾಡಿದ್ದೂ ಇವರೇ. ಆಗಿನ ಅಮೆರಿಕ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಗ್ರಾಂಟ್ ಮೂರನೇ ಸಲ ಅಧ್ಯಕ್ಷರಾಗಲು ಹೊರಟಿದ್ದಾರೆ ಎಂಬ ಗುಲ್ಲೆದ್ದಾಗ, 1874ರಲ್ಲಿ ಬಂದ ಚಿತ್ರ ಅದು. ಸಿಂಹದ ಚರ್ಮ ಹೊದ್ದ ಕತ್ತೆಯೊಂದು ಪ್ರಾಣಿಗಳನ್ನು ಹೆದರಿಸುತ್ತದೆ, ‘ರಿಪಬ್ಲಿಕನ್ ಮತ’ ಎಂದು ಬರೆದಿರುವ ಆನೆ ಗಾಬರಿಯಾಗಿ ಗುಂಡಿಯ ಅಂಚಿಗೆ ಬಂದಿದೆ. ಅಲ್ಲಿನ ಕತ್ತೆ ಡೆಮಾಕ್ರಟಿಕ್ ಪಕ್ಷ ಅಂದುಕೊಂಡಿರಾ? ಅಲ್ಲ, ಆ ಗುಲ್ಲೆಬ್ಬಿಸಿದ ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆ. ಡೆಮಾಕ್ರಟರ ಗುರುತಾದ ಕತ್ತೆಯ ಕತೆ ಇನ್ನೂ ಹಳೆಯದು. 1828ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ಪಕ್ಷದ ಅಭ್ಯರ್ಥಿ ಆಂಡ್ರ್ಯೂ ಜಾಕ್ಸನ್‌ರನ್ನು ಎದುರಾಳಿಗಳು ಕತ್ತೆ ಎಂದು ಹೀಯಾಳಿಸಿದ್ದರು. ಗೆದ್ದಿದ್ದು ಜಾಕ್ಸನ್ನೇ.